ಚಿಂತೆಗೂ ಒಂದು ಹೊತ್ತು

ಈಜಿಪ್ಟಿನ ಫುಸ್ತಾತ್‌ನಲ್ಲಿದ್ದ ಯೆಹೂದಿ ವೈದ್ಯ, ಪಂಡಿತ ಮೋಶೆ ಮೈಮೋನಿಡೀಸ್ 1199ರಲ್ಲಿ ಒಂದು ಪತ್ರ ಬರೆದರು. ಅವರ ಅರಬ್ಬೀ ಗ್ರಂಥವನ್ನು ದಕ್ಷಿಣ ಫ್ರಾನ್ಸಿನಲ್ಲಿ ಕೂತು ಹೀಬ್ರೂವಿಗೆ ತರುತ್ತಿದ್ದ ಸಾಮ್ಯುಯೆಲ್ ಇಬ್ನ್ ತಿಬ್ಬೋನ್, ಸಂದೇಹಗಳನ್ನು ಕೇಳಿಕೊಳ್ಳಲು ಖುದ್ದಾಗಿ ಬರುತ್ತೇನೆಂದು ತಿಳಿಸಿದ್ದ. ಬರುವುದು ಸಂತೋಷವೇ, ಆದರೆ ಹಗಲಾಗಲಿ ರಾತ್ರಿಯಾಗಲಿ ನನ್ನೊಡನೆ ಒಂದು ಗಂಟೆ ಕೂತು ಮಾತಾಡುವ ಆಸೆ ಬೇಡ ಎಂಬುದು ಉತ್ತರದ ಸಾರ. ಯಾಕೆಂದು ತಿಳಿಯಲಿ ಎಂದು ತಮ್ಮ ದಿನಚರಿಯನ್ನೇ ಬರೆದು ಕಳಿಸಿದರು.

ಬೆಳಗಾದರೆ ಫುಸ್ತಾತ್‌ನಿಂದ ಕೈರೋಗೆ, ಸುಲ್ತಾನನ ಅರಮನೆಗೆ ಹೋಗಬೇಕು. ಸುಲ್ತಾನನಿಗೋ ಮಕ್ಕಳಿಗೋ ಅಂತಃಪುರದವರಿಗೋ ಮೈಗೆ ಹುಷಾರಿಲ್ಲವೆಂದರೆ ದಿನದ ಬಹುಪಾಲು ಅಲ್ಲೇ ಕಳೆಯಿತು. ಯಾರಿಗೂ ಏನೂ ಆಗದ ದಿನವೂ ಮನೆ ಸೇರುವಾಗ ಮಧ್ಯಾಹ್ನ ಮೀರಿರುತ್ತದೆ, ಹಸಿವಿನಿಂದ ಪ್ರಾಣ ಹೋಗುವಂತಿರುತ್ತದೆ. ಅಷ್ಟರಲ್ಲಿ ಮನೆಯ ಮುಂಭಾಗದ ತುಂಬ ರೋಗಿಗಳು ಕಾದಿರುತ್ತಾರೆ: ಯೆಹೂದಿಗಳು, ಇತರರು, ದೊಡ್ಡ ಮನುಷ್ಯರು, ಸಾಮಾನ್ಯರು, ನ್ಯಾಯಾಧೀಶರು. ಸವಾರಿಯಿಂದ ಇಳಿದು ಕೈ ತೊಳೆದು, ಎರಡು ತುತ್ತು ತಿಂದು ಬರುತ್ತೇನೆ, ಸ್ವಲ್ಪ ತಾಳಿಕೊಳ್ಳಿ ಎಂದು ಅವರನ್ನೇ ಬೇಡಿಕೊಳ್ಳಬೇಕು. ಇಡೀ ದಿನಕ್ಕೆ ಅದೊಂದೇ ಊಟ. ಆಮೇಲೆ ಕತ್ತಲಾಗುವವರೆಗೆ, ಕೆಲವೊಮ್ಮೆ ಕತ್ತಲಾಗಿ ಎಷ್ಟೋ ಹೊತ್ತಿನವರೆಗೆ ಔಷಧಿ ಬರೆದುಕೊಡುವ ಕೆಲಸ. ದಣಿವು ತಡೆಯಲಾಗದೆ ಅಂಗಾತ ಮಲಗಿಕೊಂಡೇ ರೋಗಿಗಳೊಡನೆ ಮಾತಾಡುತ್ತಾರೆ.

ಇದೇ ಮನುಷ್ಯ ಇದಕ್ಕೆ ಎರಡು ದಶಕದಷ್ಟು ಹಿಂದೆ ತಮ್ಮ ಧರ್ಮಶಾಸ್ತ್ರ ಗ್ರಂಥ ‘ಮಿಶ್ನೆ ತೋರಾ’ದಲ್ಲಿ ಪ್ರಾರ್ಥನೆಯ ನಿಯಮಗಳನ್ನು ಬರೆದಿದ್ದರು. ಮನಸ್ಸು ನಿಲ್ಲದೆ ಮಾಡಿದ ಪ್ರಾರ್ಥನೆ ಪ್ರಾರ್ಥನೆಯೇ ಅಲ್ಲ. ದೂರದ ಪ್ರಯಾಣ ಮುಗಿಸಿ ಬಂದವನು, ಬಳಲಿದವನು, ಸಂಕಟದಲ್ಲಿ ಇರುವವನು ಮನಸ್ಸು ತಿಳಿಯಾಗುವವರೆಗೆ ಕಾಯಬೇಕು, ಬೇಕಾದರೆ ಮೂರು ದಿನವಾದರೂ ಸರಿ. ಪ್ರಾರ್ಥನೆಗೆ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ಕೂತಿರಬೇಕು, ಮುಗಿದ ಮೇಲೂ ಸ್ವಲ್ಪ ಹೊತ್ತು ಕೂರಬೇಕು. ಹೊತ್ತ ಮೂಟೆಯನ್ನು ಧೊಪ್ಪನೆ ಎಸೆದು ಹೊರಟುಹೋಗುವವನ ಹಾಗೆ ಮಾಡಬಾರದು. ಇದನ್ನು ಬರೆದವರಿಗೆ ಸಂಕಟವೆಂದರೆ ಏನೆಂದು ಗೊತ್ತಿತ್ತು. ರತ್ನದ ವ್ಯಾಪಾರ ಮಾಡಿ ಮನೆ ಸಾಕುತ್ತಿದ್ದ ತಮ್ಮ ಡೇವಿಡ್ ಹಿಂದೂ ಮಹಾಸಾಗರದಲ್ಲಿ ಹಡಗು ಮುಳುಗಿ ಸತ್ತುಹೋದ. ಅಣ್ಣ ಸುಮಾರು ಒಂದು ವರ್ಷ ಜ್ವರ ಹಿಡಿದು ಹಾಸಿಗೆಯಲ್ಲೇ ಇದ್ದರು; ಎಷ್ಟೋ ವರ್ಷ ಕಳೆದ ಮೇಲೂ ಅವನ ಕೈಬರಹ ಕಣ್ಣಿಗೆ ಬಿದ್ದರೆ ಕರುಳು ಹಿಂಡುತ್ತದೆ ಎಂದು ಬರೆದುಕೊಂಡಿದ್ದಾರೆ. ಡೇವಿಡ್ ಕೆಂಪು ಸಮುದ್ರದ ಐಧಾಬ್ ಬಂದರಿನಿಂದ ಅಣ್ಣನಿಗೆ ಬರೆದ ಒಂದು ಪತ್ರ ಈಗಲೂ ಉಳಿದಿದೆ. ಇಲ್ಲಿ ಕೊಳ್ಳುವಂಥದ್ದೇನೂ ಸಿಗಲಿಲ್ಲ, ಇಂಡಿಯಾಕ್ಕೆ ಹೊರಟಿದ್ದೇನೆ. ಮರಳುಗಾಡಿನಲ್ಲಿ ಕಾಪಾಡಿದವನು ಸಮುದ್ರದಲ್ಲೂ ಕಾಪಾಡುತ್ತಾನೆ. ನೀನು ಚಿಂತೆ ಮಾಡಬೇಡ, ಮನೆಯ ಹೆಣ್ಣುಮಕ್ಕಳಿಗೂ ಧೈರ್ಯ ಹೇಳು ಎಂಬ ಧಾಟಿಯ ಪತ್ರ.

ಆ ಪತ್ರ ಸಿಕ್ಕಿದ್ದು ಫುಸ್ತಾತ್‌ನ ಬೆನ್ ಎಜ್ರಾ ಸಿನಗಾಗ್‌ನ ಗೆನೀಜಾದಲ್ಲಿ. ದೇವರ ಹೆಸರಿರುವ ಕಾಗದವನ್ನು ಹರಿದು ಬಿಸಾಡಬಾರದೆಂದು ಸವೆದ ಪ್ರಾರ್ಥನಾ ಪುಸ್ತಕಗಳ ಜೊತೆ ಲೆಕ್ಕಪತ್ರ, ಸಾಲಪತ್ರ, ಮನೆಮಾತಿನ ಪತ್ರಗಳನ್ನೂ ಶತಮಾನಗಳ ಕಾಲ ಹಾಕಿಟ್ಟ ಕೋಣೆ ಅದು. ನಮ್ಮ ಮಂಗಳೂರೂ ಅಲ್ಲಿದೆ. 12ನೇ ಶತಮಾನದಲ್ಲಿ ಟ್ಯುನೀಸಿಯಾದಿಂದ ಬಂದು ಮಂಗಳೂರಿನಲ್ಲಿ ನೆಲೆ ನಿಂತಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನಿಗೆ ಏಡನ್‌ನಿಂದ ಬಂದ ಪತ್ರಗಳು, ಅವನ ಆಳು ಬೊಮ್ಮನ ಹೆಸರು, 1132ರಲ್ಲಿ ಅವನು ಮಂಗಳೂರಿನಲ್ಲೇ ಆಶು ಎಂಬ ಹೆಂಗಸಿಗೆ ದಾಸ್ಯದಿಂದ ಬಿಡುಗಡೆ ಬರೆದುಕೊಟ್ಟ ಪತ್ರ, ಎಲ್ಲವೂ ಆ ಕೋಣೆಯಿಂದಲೇ ಸಿಕ್ಕಿದ್ದು. ಬೆನ್ ಯಿಜು ಪ್ರಾರ್ಥನಾ ಪದ್ಯಗಳನ್ನೂ ಕಟ್ಟುತ್ತಿದ್ದ. ಮೆಣಸು, ಅಡಿಕೆ, ಕಂಚಿನ ಪಾತ್ರೆಯ ಲೆಕ್ಕದ ಪಕ್ಕದಲ್ಲಿ ಪ್ರಾರ್ಥನೆ. ಆ ಕೋಣೆ ಇವೆರಡನ್ನೂ ಬೇರೆ ಬೇರೆ ಇಡಲಿಲ್ಲವೆಂಬುದು ನನಗೆ ಬಹಳ ಪ್ರಿಯವಾದ ಸಂಗತಿ.

ಮನಸ್ಸು ತಿಳಿಯಾಗುವವರೆಗೆ ಕಾಯಬೇಕೆಂಬ ನಿಯಮಕ್ಕೆ ಮುಂದೇನಾಯಿತು? 16ನೇ ಶತಮಾನದಲ್ಲಿ ಗಲಿಲಾಯದ ಸಫೆದ್ ಊರಿನಲ್ಲಿದ್ದ ಯೋಸೆಫ್ ಕಾರೋ ಹೊಸದಾಗಿ ಶಾಸ್ತ್ರಸಂಗ್ರಹ ಬರೆದಾಗ ಈ ನಿಯಮಕ್ಕೂ ಬಂದರು. ಈಗ ನಾವು ಇದನ್ನು ಪಾಲಿಸುವುದಿಲ್ಲ, ಯಾಕೆಂದರೆ ನಮ್ಮ ಪ್ರಾರ್ಥನೆಯಲ್ಲಿ ಅಷ್ಟೊಂದು ಏಕಾಗ್ರತೆ ಹೇಗೂ ಇರುವುದಿಲ್ಲ ಎಂದು ಬರೆದು ಮುಂದೆ ಹೋದರು. ಕಾರೋ ಅವರ ಈ ಮಾತಿನಲ್ಲಿ ಎಂಥ ಕರುಣೆಯಿದೆ! ಶಾಂತನಾದ ಮೇಲೆ ಬಾ ಎಂದರೆ ಯಾರೂ ಬರುವುದಿಲ್ಲ. ಚಿಂತೆಯನ್ನು ತಲೆಯಲ್ಲಿ ತುಂಬಿಕೊಂಡೇ ಬಾ ಎಂದು ಬಾಗಿಲು ತೆರೆದದ್ದರಿಂದಲೇ ಈ ಪ್ರಾರ್ಥನೆ ಇಷ್ಟು ಕಾಲ ಉಳಿದು ಬಂತು ಎಂದು ನಾನು ನಂಬುತ್ತೇನೆ.

ಯೆಹೂದಿಗಳ ನಿತ್ಯ ಪ್ರಾರ್ಥನೆಯ ನಡುಭಾಗಕ್ಕೆ ಅಮೀದಾ ಎಂದು ಹೆಸರು. ಬೆಳಿಗ್ಗೆ, ಮಧ್ಯಾಹ್ನದ ಮೇಲೆ, ರಾತ್ರಿ, ದಿನಕ್ಕೆ ಮೂರು ಹೊತ್ತು ನಿಂತುಕೊಂಡು ಹೇಳುವ ಪ್ರಾರ್ಥನೆ ಇದು. ಅದನ್ನು ಆರಂಭಿಸುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಸಿನಗಾಗ್‌ನಲ್ಲಿ ಅಷ್ಟು ಹೊತ್ತು ಒಬ್ಬೊಬ್ಬರು ಒಂದೊಂದು ಲಯದಲ್ಲಿ ಗುನುಗುತ್ತಿರುತ್ತಾರೆ, ಪುಟ ಮಗುಚುವ ಸದ್ದು, ಕೆಮ್ಮು, ಕುರ್ಚಿ ಎಳೆಯುವ ಸದ್ದು ಇರುತ್ತವೆ. ಅಮೀದಾ ಬಂದಾಗ ಎಲ್ಲರೂ ಎದ್ದು ಜೆರುಸಲೆಮ್ಮಿನ ದಿಕ್ಕಿಗೆ ತಿರುಗುತ್ತಾರೆ. ಮೂರು ಹೆಜ್ಜೆ ಹಿಂದೆ, ಮತ್ತೆ ಮೂರು ಹೆಜ್ಜೆ ಮುಂದೆ. ಅರಸನ ಸಮ್ಮುಖಕ್ಕೆ ಹೋಗುವವನ ನಡಿಗೆ ಅದು. ಎರಡೂ ಪಾದ ಒಂದಕ್ಕೊಂದು ತಾಗಿ ಒಂದೇ ಕಾಲಿನ ಹಾಗೆ ನಿಲ್ಲುತ್ತವೆ. ಅಲ್ಲಿಂದ ಮುಂದೆ ಯಾರ ದನಿಯೂ ಪಕ್ಕದವರಿಗೆ ಕೇಳಿಸುವುದಿಲ್ಲ. ತುಟಿ ಮಾತ್ರ ಅಲುಗುತ್ತದೆ. ಹೇಳುತ್ತಿರುವುದು ತನ್ನ ಕಿವಿಗೆ ಕೇಳಿಸಬೇಕು, ಅಷ್ಟೇ. ಮುಗಿಸಿದವರು ಮೂರು ಹೆಜ್ಜೆ ಹಿಂದೆ ಸರಿದು ಎಡಕ್ಕೆ, ಬಲಕ್ಕೆ, ನಡುವಿಗೆ ಬಾಗಿ ಬೀಳ್ಕೊಳ್ಳುತ್ತಾರೆ. ಒಬ್ಬರು ಬೇಗ ಮುಗಿಸುತ್ತಾರೆ, ಇನ್ನೊಬ್ಬರು ಕಣ್ಣು ಮುಚ್ಚಿ ನಿಂತೇ ಇರುತ್ತಾರೆ. ಹತ್ತು ಜನ ಸೇರಿದರೇ ಪೂರ್ಣವಾಗುವ ಸಮೂಹ ಪ್ರಾರ್ಥನೆಯೊಳಗೆ ಪ್ರತಿಯೊಬ್ಬರಿಗೂ ಹೀಗೆ ಒಂದು ಏಕಾಂತ ಒದಗುತ್ತದೆ.

ತುಟಿ ಅಲುಗಿಸುವ ಈ ಪಾಠವನ್ನು ಯೆಹೂದಿ ಪಂಡಿತರು ಕಲಿತದ್ದು ಒಬ್ಬ ಹೆಂಗಸಿನಿಂದ. ಬೈಬಲಿನ ಸಮುವೇಲನ ಗ್ರಂಥದಲ್ಲಿ ಹನ್ನ ಬರುತ್ತಾಳೆ. ಮಕ್ಕಳಿಲ್ಲ, ಮಕ್ಕಳಿರುವ ಸವತಿ ಚುಚ್ಚಿ ಚುಚ್ಚಿ ಅಳಿಸುತ್ತಾಳೆ, ಗಂಡ ಎಲ್ಕಾನ ಎಷ್ಟು ಸಮಾಧಾನ ಮಾಡಿದರೂ ಅನ್ನ ಸೇರದು. ಶೀಲೋವಿನ ಗುಡಿಗೆ ಹೋಗಿ ಅಳುತ್ತ ಪ್ರಾರ್ಥಿಸುತ್ತಾಳೆ, ದನಿ ಹೊರಡದು. ಬಾಗಿಲ ಬಳಿ ಕೂತ ಯಾಜಕ ಏಲಿ, ಈಕೆ ಕುಡಿದಿದ್ದಾಳೆಂದು ತಿಳಿದು ಗದರಿಸುತ್ತಾನೆ. ಕುಡಿದಿಲ್ಲ ಸ್ವಾಮಿ, ಮನಸ್ಸಿನಲ್ಲಿದ್ದುದನ್ನು ತೋಡಿಕೊಳ್ಳುತ್ತಿದ್ದೇನೆ ಎಂದು ಆಕೆ ಹೇಳುತ್ತಾಳೆ. ಯೆಹೂದಿ ಪಂಡಿತರ ಚರ್ಚೆಗಳ ಸಂಗ್ರಹವಾದ ತಾಲ್ಮದ್ ಈ ಪ್ರಸಂಗವನ್ನು ಮುಂದಿಟ್ಟುಕೊಂಡು ಒಂದೊಂದೇ ನಿಯಮ ತೆಗೆಯುತ್ತದೆ: ಮನಸ್ಸಿಟ್ಟು ಹೇಳಬೇಕು, ತುಟಿಯಿಂದ ಉಚ್ಚರಿಸಬೇಕು, ದನಿ ಎತ್ತಬಾರದು, ಕುಡಿದಿರಬಾರದು. ಅರಸರು, ಪ್ರವಾದಿಗಳು, ಯಾಜಕರು ಎಷ್ಟೋ ಮಂದಿ ಬೈಬಲಿನಲ್ಲಿ ಪ್ರಾರ್ಥಿಸಿದ್ದಾರೆ. ಅವರೆಲ್ಲರ ನಡುವೆ ಗುಡಿಯ ಅಧಿಕಾರಿಗೇ ಅರ್ಥವಾಗದೆ ಹೋದ ಈ ನೊಂದ ಹೆಂಗಸನ್ನು ಮಾದರಿಯಾಗಿ ಆರಿಸಿಕೊಂಡರಲ್ಲ, ಆ ಆಯ್ಕೆಯ ಸೊಗಸೇ ಸೊಗಸು. ಪ್ರಾರ್ಥಿಸಿ ಎದ್ದ ಹನ್ನಳಿಗೆ ಇನ್ನೂ ಏನೂ ದೊರೆತಿರಲಿಲ್ಲ. ಆದರೂ ಆಕೆ ಹೋಗಿ ಊಟ ಮಾಡಿದಳು, ಮುಖದ ಬಾಡಿಕೆ ಹೋಯಿತು ಎಂದು ಕತೆ ಹೇಳುತ್ತದೆ. ಮಗು ಹುಟ್ಟಿದ್ದು ಎಷ್ಟೋ ದಿನದ ಮೇಲೆ.

ಅಮೀದಾದಲ್ಲಿ ಮೊದಲು 18 ಭಾಗಗಳಿದ್ದವು, ಮುಂದೆ ಇನ್ನೊಂದು ಸೇರಿ 19 ಆಯಿತು. ಹಳೆಯ ಹೆಸರು ಮಾತ್ರ ಈಗಲೂ ಹದಿನೆಂಟು ಎಂದೇ. ಮೊದಲ ಮೂರರಲ್ಲಿ ಸ್ತುತಿ, ಕೊನೆಯ ಮೂರರಲ್ಲಿ ಕೃತಜ್ಞತೆ. ನಡುವಿನ 13 ಬೇಡಿಕೆಗಳು. ಅರಿವು ಕೊಡು ಎಂಬುದು ಮೊದಲನೆಯದು. ಆಮೇಲೆ ಮರಳಿ ಬರುವ ಬುದ್ಧಿ, ಕ್ಷಮೆ, ಕಷ್ಟದಿಂದ ಬಿಡುಗಡೆ, ರೋಗಕ್ಕೆ ಗುಣ, ವರ್ಷದ ಬೆಳೆ, ಚದುರಿದವರ ಕೂಡುವಿಕೆ, ನ್ಯಾಯ. ಹೀಗೆ ಸಾಗಿ ನಮ್ಮ ದನಿ ಕೇಳು ಎಂಬಲ್ಲಿಗೆ ಮುಗಿಯುತ್ತದೆ. ಮನೆಯಲ್ಲಿ ಯಾರಾದರೂ ಮಲಗಿದ್ದರೆ ಗುಣದ ಭಾಗ ಬಂದಾಗ ಅವರ ಹೆಸರು ಸೇರಿಸಬಹುದು. ಹಾಗೆ ಸೇರಿಸುವಾಗ ಇಂಥವರ ಮಗ, ಮಗಳು ಎಂದು ತಾಯಿಯ ಹೆಸರು ಹೇಳುವುದು ರೂಢಿ. ಯಾವ ಪಟ್ಟಿಗೂ ಸೇರದ ಚಿಂತೆಯಿದ್ದರೆ ದನಿ ಕೇಳು ಎಂಬ ಕೊನೆಯ ಬೇಡಿಕೆಯಲ್ಲಿ ಸ್ವಂತ ಮಾತಿನಲ್ಲಿ ತೋಡಿಕೊಳ್ಳಬಹುದು. ಮಗಳ ಜ್ವರಕ್ಕೆ ಒಂದು ಜಾಗ, ಕೈ ಕಚ್ಚಿದ ವ್ಯಾಪಾರಕ್ಕೆ ಒಂದು ಜಾಗ. ಎದ್ದಲ್ಲಿ ಕೂತಲ್ಲಿ ಬೆನ್ನು ಹತ್ತುವ ಚಿಂತೆಗೆ ಇಲ್ಲಿ ಸರದಿ ಗೊತ್ತಾಗಿದೆ. ಅದರ ಸರದಿ ಬಂದಾಗ ಅದನ್ನು ಪೂರ್ತಿಯಾಗಿ ಹೇಳಬೇಕು, ಹೇಳಿ ಮುಂದಿನ ಭಾಗಕ್ಕೆ ಹೋಗಬೇಕು. ಕೊನೆಗೆ ಯಾವ ಚಿಂತೆ ಹೊತ್ತು ಬಂದವರಾದರೂ ಕೃತಜ್ಞತೆಯ ಮೂರು ಭಾಗಗಳನ್ನು ದಾಟಿಯೇ ಹೊರಬರಬೇಕು.

ಬೆಳೆಯ ಭಾಗದಲ್ಲಿ ಮಳೆ ಬೇಡುವ ಒಂದು ಮಾತಿದೆ. ಅದನ್ನು ವರ್ಷವಿಡೀ ಹೇಳುವುದಿಲ್ಲ, ಮಳೆಗಾಲ ಹತ್ತಿರವಾದಾಗ ಸೇರಿಸುತ್ತಾರೆ. ಇಸ್ರೇಲ್ ನಾಡಿನಲ್ಲಿ ಮಳೆ ಬೇಕಾಗುವುದು ಶರತ್ಕಾಲದ ಪರ್ಣಶಾಲೆಗಳ ಹಬ್ಬ ಮುಗಿದ ಕೂಡಲೇ. ಆದರೆ ಯೆಹೂದಿ ನಿಯಮಗಳ ಹಳೆಯ ಸಂಗ್ರಹವಾದ ಮಿಶ್ನಾ ಹೇಳುತ್ತದೆ: ಹಬ್ಬ ಮುಗಿದ ಮೇಲೆ 15 ದಿನ ತಡೆಯಿರಿ, ಜೆರುಸಲೆಮ್ಮಿಗೆ ಯಾತ್ರೆ ಬಂದವರಲ್ಲಿ ಎಲ್ಲರಿಗಿಂತ ಹಿಂದುಳಿದವನು ಯೂಫ್ರೆಟಿಸ್ ನದಿ ತಲುಪಲಿ, ಆಮೇಲೆ ಮಳೆ ಬೇಡಿ. ಮಳೆಗಾಗಿ ಬಾಯಿ ಬಿಡುವ ನೆಲದಲ್ಲಿ ಬದುಕಿದವರಿಗೆ 15 ದಿನ ಸಣ್ಣದಲ್ಲ. ಉಳುಮೆ ನಿಂತಿದೆ, ಬಾವಿ ತಳ ಕಂಡಿದೆ. ಎಲ್ಲೋ ದೂರದ ದಾರಿಯಲ್ಲಿ ಕತ್ತೆಯ ಬೆನ್ನಿಗೆ ಗಂಟುಮೂಟೆ ಕಟ್ಟಿಕೊಂಡು ನಡೆಯುತ್ತಿರುವ, ಮುಖ ಕಂಡರಿಯದ ಒಬ್ಬ ಯಾತ್ರಿಕ ನೆನೆಯದಿರಲಿ ಎಂದು ನಾಡಿಗೆ ನಾಡೇ ತನ್ನ ಬೇಡಿಕೆಯನ್ನು ಗಂಟಲಲ್ಲೇ ಹಿಡಿದುಕೊಳ್ಳುತ್ತದೆ. ಜೆರುಸಲೆಮ್ಮಿನ ಗುಡಿ ಬಿದ್ದು ಸಾವಿರದೊಂಬೈನೂರು ವರ್ಷ ದಾಟಿತು. ಯಾತ್ರೆಯೂ ಇಲ್ಲ, ಹಿಂದುಳಿದವನೂ ಇಲ್ಲ. ಇಸ್ರೇಲಿನಲ್ಲಿ ಇಂದಿಗೂ ಚೆಶ್ವಾನ್ ತಿಂಗಳ 7ನೇ ರಾತ್ರಿಯವರೆಗೆ ಆ ಮಾತು ಪ್ರಾರ್ಥನೆಯೊಳಗೆ ಬರುವುದಿಲ್ಲ. ಇಡೀ ಪ್ರಾರ್ಥನಾ ಪುಸ್ತಕದಲ್ಲಿ ನನ್ನ ಮನಸ್ಸು ಹೋಗಿ ಹೋಗಿ ನಿಲ್ಲುವುದು ಈ ತಡೆಯಲ್ಲಿ. ನನ್ನ ಚಿಂತೆ ದೊಡ್ಡದೇ, ಆದರೆ ನಾನು ಬೇಡುವುದರಿಂದ ತೊಂದರೆಯಾಗುವ ಇನ್ನೊಬ್ಬ ಇದ್ದಾನೆ ಎಂದು ನೆನೆಯುವಾಗ ಚಿಂತೆಯ ಬಿಗಿ ಒಂದಿಷ್ಟು ಸಡಿಲವಾಗುವುದನ್ನು ಯಾರಾದರೂ ಗಮನಿಸಬಹುದು.

ಮಿಶ್ನಾದ ಪ್ರಾರ್ಥನಾ ಪ್ರಕರಣದಲ್ಲಿ ದುಡಿಯುವ ಜನ ತುಂಬಿದ್ದಾರೆ. ಗೋಡೆ ಕಟ್ಟುವ ಗಾರೆಯವನು ಗೋಡೆಯ ಮೇಲಿದ್ದೇ, ಮರ ಹತ್ತಿದ ಕೂಲಿಯವನು ಮರದ ಮೇಲಿದ್ದೇ ಶೆಮಾ ಎಂಬ ವಚನ ಹೇಳಬಹುದು. ಅಮೀದಾಕ್ಕೆ ಮಾತ್ರ ಕೆಳಗಿಳಿಯಬೇಕು. ಕತ್ತೆಯ ಮೇಲೆ ಹೋಗುವವನು ಇಳಿಯಬೇಕು. ಇಳಿಯಲಾಗದಿದ್ದರೆ ಜೆರುಸಲೆಮ್ಮಿನ ಕಡೆಗೆ ಮುಖ ತಿರುಗಿಸಿದರೆ ಸಾಕು. ಅದೂ ಆಗದಿದ್ದರೆ ಮನಸ್ಸನ್ನಾದರೂ ಆ ಕಡೆಗೆ ತಿರುಗಿಸಲಿ. ಅಪಾಯದ ಜಾಗದಲ್ಲಿ ನಡೆಯುವವನಿಗೆ ನಾಲ್ಕು ಮಾತಿನ ಚಿಕ್ಕ ಪ್ರಾರ್ಥನೆ. ಮದುವೆಯ ಮೊದಲ ರಾತ್ರಿ ಮದುಮಗನಿಗೆ ಶೆಮಾದಿಂದ ವಿನಾಯಿತಿ, ಅವನ ತಲೆಯಲ್ಲಿ ಬೇರೆ ಯೋಚನೆಯಿರುತ್ತದೆ. ಮನೆಯಲ್ಲಿ ಹೆಣವಿಟ್ಟುಕೊಂಡವನಿಗೂ ವಿನಾಯಿತಿ. ಈ ನಿಯಮಗಳನ್ನು ಮಾಡಿದವರಿಗೆ ಮನುಷ್ಯನ ದಿನ ಹೇಗೆ ಸಾಗುತ್ತದೆಂದು ಚೆನ್ನಾಗಿ ಗೊತ್ತಿತ್ತು.

ಶೆಮಾ ಎಂದರೆ ದೇವರು ಒಬ್ಬನೇ ಎಂದು ಸಾರುವ, ಬೈಬಲಿನ ಧರ್ಮೋಪದೇಶಕಾಂಡದ ವಚನ. ಬೆಳಿಗ್ಗೆ ಮತ್ತು ರಾತ್ರಿ, ಬಲಗೈಯಿಂದ ಕಣ್ಣು ಮುಚ್ಚಿ, ಕೊನೆಯ ಪದವನ್ನು ಎಳೆದು ಹೇಳುತ್ತಾರೆ. ಒಂದು ಉಸಿರಿನ ಕೆಲಸ. ಮೈಮೋನಿಡೀಸ್ ತಮ್ಮ ಕೊನೆಯ ದೊಡ್ಡ ಗ್ರಂಥದಲ್ಲಿ ಮನಸ್ಸಿನ ಅಭ್ಯಾಸವನ್ನು ಆರಂಭಿಸಿದ್ದೂ ಇಲ್ಲಿಂದಲೇ: ಮೊದಲು ಶೆಮಾ ಹೇಳುವಾಗ ಮಾತ್ರ ಬೇರೆಲ್ಲ ಯೋಚನೆ ಬಿಡುವುದನ್ನು ಕಲಿ, ಇದಕ್ಕೆ ವರ್ಷಗಳು ಹಿಡಿದರೂ ಹಿಡಿಯಲಿ, ಆಮೇಲೆ ಮುಂದಿನದು. ಮನೆ, ಹಣ, ವ್ಯವಹಾರದ ಯೋಚನೆಗಳನ್ನು ಏನು ಮಾಡುವುದು? ಅವಕ್ಕೂ ಅವರು ಹೊತ್ತು ಗೊತ್ತುಮಾಡಿದ್ದಾರೆ: ಊಟ ಮಾಡುವಾಗ, ಸ್ನಾನ ಮಾಡುವಾಗ, ಹೆಂಡತಿ ಮಕ್ಕಳೊಡನೆ ಮಾತಾಡುವಾಗ. ದಿನವಿಡೀ ರೋಗಿಗಳ ನಡುವೆ ಸವೆದವರು ಕೊಟ್ಟ ಸಲಹೆ ಇದು, ಆದ್ದರಿಂದಲೇ ಅದಕ್ಕೆ ತೂಕ. ಕೊಂಕಣದ ಬೆನೆ ಇಸ್ರೇಲ್ ಯೆಹೂದಿಗಳ ಪರಂಪರೆಯಲ್ಲೂ ಶೆಮಾ ಹೀಗೆ ಉಳಿದುಬಂದ ಮಾತು. ಹಡಗು ಒಡೆದು ಆ ದಡಕ್ಕೆ ಬಿದ್ದ ಪೂರ್ವಜರು ಪುಸ್ತಕಗಳನ್ನೆಲ್ಲ ಕಳೆದುಕೊಂಡರು, ಹೀಬ್ರೂ ಮರೆತರು, ಗಾಣದ ಎಣ್ಣೆ ತೆಗೆದು ಮಾರಿ ಬದುಕಿದರು. ಶೆಮಾ ಮಾತ್ರ ಬಾಯಲ್ಲಿ ಉಳಿಯಿತು ಎಂದು ಅವರು ಹೇಳಿಕೊಂಡು ಬಂದಿದ್ದಾರೆ.

ಸ್ವಂತ ಮಾತಿನಲ್ಲಿ ತೋಡಿಕೊಳ್ಳಲು ಅಮೀದಾ ಬಿಟ್ಟ ಸಣ್ಣ ಜಾಗವನ್ನು ಒಂದು ಬಯಲನ್ನಾಗಿ ಮಾಡಿದವರು ಬ್ರೆಸ್ಲೊವ್‌ನ ರಬ್ಬಿ ನಾಕ್ಮನ್. ಇಂದಿನ ಉಕ್ರೇನಿನಲ್ಲಿ 1772ರಿಂದ 1810ರವರೆಗೆ ಬದುಕಿದ್ದು 38 ವರ್ಷ. ಗಂಡುಮಕ್ಕಳು ಎಳವೆಯಲ್ಲೇ ತೀರಿಕೊಂಡರು, ತಾವು ಕ್ಷಯದಿಂದ ಸತ್ತರು. ಅವರ ಉಪದೇಶ ಬಹಳ ಸರಳ. ದಿನಕ್ಕೆ ಒಂದು ಗಂಟೆ ಒಬ್ಬನೇ ಇರು, ಕೋಣೆಯಲ್ಲೋ ಹೊಲದಲ್ಲೋ. ಹೀಬ್ರೂ ಬೇಡ, ಮನೆಯಲ್ಲಿ ಆಡುವ ಯಿಡ್ಡಿಶ್‌ನಲ್ಲೇ ದೇವರೊಡನೆ ಮಾತಾಡು. ದೊಡ್ಡದು ಚಿಕ್ಕದು ಎಂದು ಎಣಿಸಬೇಡ, ಇದ್ದದ್ದು ಇದ್ದಹಾಗೆ ಹೇಳು. ಮಾತೇ ಹೊರಡದಿದ್ದರೆ? ಮಾತು ಹೊರಡುತ್ತಿಲ್ಲವೆಂಬುದನ್ನೇ ಹೇಳು. ಅದೂ ಆಗದಿದ್ದರೆ ಜಗದೊಡೆಯ ಎಂಬ ಒಂದೇ ಸಂಬೋಧನೆಯನ್ನು ಮತ್ತೆ ಮತ್ತೆ ಕರೆಯುತ್ತಿರು. ಹೊಲದಲ್ಲಿ ಪ್ರಾರ್ಥಿಸುವವನ ಮಾತಿಗೆ ಅಲ್ಲಿಯ ಹುಲ್ಲೆಲ್ಲ ಬಂದು ಬಲ ಕೊಡುತ್ತದೆ ಎಂದೂ ಅವರು ಹೇಳುತ್ತಿದ್ದರು. ಅವರ ಶಿಷ್ಯಪರಂಪರೆಯವರು ಇಂದಿಗೂ ರಾತ್ರಿಯ ಹೊತ್ತು ಊರ ಹೊರಗೆ, ಮರಗಳ ನಡುವೆ ಹೋಗಿ ಹೀಗೆ ಮಾತಾಡಿಕೊಳ್ಳುತ್ತಾರೆ.

ಇನ್ನೊಬ್ಬರ ದಾರಿ ಇದಕ್ಕಿಂತ ಬೇರೆ. ವಾರ್ಸಾ ಬಳಿಯ ಪಿಯಾಸೆಚ್ನೋ ಊರಿನ ಗುರು ಕಲೋನಿಮಸ್ ಕಲ್ಮನ್ ಶಪಿರಾ, ಮನಸ್ಸನ್ನು ಶಾಂತಗೊಳಿಸುವ ಒಂದು ಕ್ರಮವನ್ನು ಶಿಷ್ಯರಿಗೆ ಕಲಿಸಿದರು. ಒಬ್ಬ ಶಿಷ್ಯ ಬರೆದಿಟ್ಟದ್ದರಿಂದ ಅದು ಉಳಿಯಿತು. ಯೋಚನೆಗಳನ್ನು ಅಟ್ಟುವ ಗೋಜಿಗೆ ಹೋಗಬೇಡ. ಈಗ ಏನು ಯೋಚಿಸುತ್ತಿದ್ದೇನೆ ಎಂದು ಪಕ್ಕದಲ್ಲಿ ನಿಂತು ನೋಡುತ್ತಿರು. ನೋಡುತ್ತ ನೋಡುತ್ತ ಅವುಗಳ ಓಟ ತಗ್ಗುತ್ತದೆ. ಹಾಗಾಗದಿದ್ದರೆ ಗಡಿಯಾರದ ಮುಳ್ಳನ್ನು ಸ್ವಲ್ಪ ಹೊತ್ತು ದಿಟ್ಟಿಸು. ಮನಸ್ಸು ನಿಂತ ಗಳಿಗೆಯಲ್ಲಿ ಒಂದೇ ಒಂದು ವಚನವನ್ನು ಅದರೊಳಗೆ ಇಡು. ಆಮೇಲೆ ನಿನಗೆ ಬೇಕಾದ ಒಂದು ಗುಣವನ್ನು, ಶ್ರದ್ಧೆಯನ್ನೋ ಪ್ರೀತಿಯನ್ನೋ, ಮೆಲ್ಲಗೆ ಕೇಳಿಕೊ. 1939ರ ಸೆಪ್ಟೆಂಬರಿನಲ್ಲಿ ವಾರ್ಸಾ ಮೇಲೆ ಬಾಂಬು ಬಿದ್ದಾಗ ಈ ಗುರುವಿನ ಒಬ್ಬನೇ ಮಗ, ಸೊಸೆ ಇಬ್ಬರೂ ಸತ್ತರು. ಆಮೇಲೆ ವಾರ್ಸಾದ ಗೆಟ್ಟೋದೊಳಗೆ ಸಿಕ್ಕಿಕೊಂಡ ಜನರ ನಡುವೆ ಅವರು ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ಉಪದೇಶಗಳನ್ನು ಮಾಡುತ್ತ ಹೋದರು, ಬರೆದಿಡುತ್ತಲೂ ಹೋದರು. ಅವುಗಳಲ್ಲಿ ಎಲ್ಲವೂ ಸರಿಹೋಗುತ್ತದೆಂಬ ಸುಲಭದ ಸಾಂತ್ವನವಿಲ್ಲ. ಅಳು ಇದೆ, ಉತ್ತರ ಸಿಗದ ಪ್ರಶ್ನೆಯಿದೆ, ದೇವರೂ ಅಳುತ್ತಿದ್ದಾನೆ ಎಂಬ ಮಾತಿದೆ. 1943ರ ನವೆಂಬರಿನಲ್ಲಿ ಅವರನ್ನು ನಾಜಿಗಳು ಕೊಂದರು. ನೆಲದಲ್ಲಿ ಹೂತಿಟ್ಟಿದ್ದ ಬರಹಗಳು ಯುದ್ಧದ ನಂತರ ಸಿಕ್ಕಿ 1960ರಲ್ಲಿ ಅಚ್ಚಾದವು. ಯೆಹೂದಿ ಧ್ಯಾನದ ಬಗ್ಗೆ ಯಾರಾದರೂ ಹಗುರವಾಗಿ, ನೆಮ್ಮದಿಯ ಔಷಧಿಯೆಂಬಂತೆ ಮಾತಾಡುವಾಗ ನನಗೆ ಈ ಗುರು ನೆನಪಾಗುತ್ತಾರೆ. ಅವರು ಕಲಿಸಿದ ಶಾಂತಿ ದುಃಖವನ್ನು ಕಣ್ಣಿಟ್ಟು ನೋಡಲು ಬೇಕಾದ ಶಾಂತಿ.

ಇಷ್ಟಾದ ಮೇಲೆ ಸಬ್ಬತ್. ಶುಕ್ರವಾರ ಸೂರ್ಯ ಮುಳುಗುವುದಕ್ಕೆ 18 ನಿಮಿಷ ಮೊದಲು ದೀಪ ಹಚ್ಚುವುದು ಬಹಳ ಕಡೆ ರೂಢಿ. ಮನೆಯ ಹೆಂಗಸು ದೀಪ ಹಚ್ಚಿ, ಕೈಗಳನ್ನು ಬೆಳಕಿನ ಮೇಲೆ ಮೂರು ಸಲ ತನ್ನತ್ತ ಬಳಸಿ ತಂದು, ಕಣ್ಣು ಮುಚ್ಚಿ ಮಂತ್ರ ಹೇಳುತ್ತಾಳೆ. ಮಕ್ಕಳ ಬಗ್ಗೆ, ಮನೆಯ ಬಗ್ಗೆ ಕೇಳಿಕೊಳ್ಳುವುದನ್ನೆಲ್ಲ ಆ ಮುಚ್ಚಿದ ಕೈಗಳ ಹಿಂದೆ ಕೇಳಿಕೊಳ್ಳುತ್ತಾಳೆ. ಅದಾದ ಮೇಲೆ ಒಂದು ದಿನ ಬೇಡಿಕೆ ಬಂದ್. ಸಬ್ಬತ್ತಿನ ಅಮೀದಾದಲ್ಲಿ ಆ 13 ಭಾಗಗಳನ್ನು ತೆಗೆದು ಅವುಗಳ ಜಾಗದಲ್ಲಿ ದಿನದ ಪಾವಿತ್ರ್ಯದ ಒಂದೇ ಭಾಗವನ್ನು ಇಟ್ಟಿದ್ದಾರೆ. 19 ಇದ್ದದ್ದು 7 ಆಗುತ್ತದೆ. ಹಳೆಯ ವ್ಯಾಖ್ಯಾನವೊಂದು ಕೊಡುವ ಕಾರಣ ಇದು: ಮನೆಯಲ್ಲಿ ಕಾಯಿಲೆಯವರಿದ್ದರೆ ಗುಣದ ಭಾಗಕ್ಕೆ ಬಂದಾಗ ನೆನಪಾಗಿ ಮನಸ್ಸು ನೋಯುತ್ತದೆ, ಸಬ್ಬತ್ತನ್ನು ಕೊಟ್ಟದ್ದು ನೋಯುವುದಕ್ಕಲ್ಲ. ಹಾಗಾದರೆ ಆ ದಿನ ರೋಗಿಯನ್ನು ನೋಡಲು ಹೋಗಬಹುದೇ? ಹಳೆಯ ಪಂಡಿತರಲ್ಲಿ ಶಮ್ಮೈ ಪಂಥದವರು ಬೇಡವೆಂದರು, ಹಿಲ್ಲೆಲ್ ಪಂಥದವರು ಹೋಗಬಹುದೆಂದರು; ನಿಂತದ್ದು ಹಿಲ್ಲೆಲ್ ಪಂಥದ ಮಾತು. ಹೋದವರು ಅಲ್ಲಿ ಏನು ಹೇಳಬೇಕೆಂದೂ ತಾಲ್ಮದ್ ತಿಳಿಸುತ್ತದೆ: ಇವತ್ತು ಸಬ್ಬತ್, ಮೊರೆಯಿಡುವ ದಿನವಲ್ಲ, ಆದರೆ ಗುಣವಾಗುವ ಹೊತ್ತು ಹತ್ತಿರದಲ್ಲೇ ಇದೆ ಎಂಬ ಅರ್ಥದ ಒಂದು ಮಾತು. ಮೊರೆಯಿಡುವುದಿಲ್ಲ ಎನ್ನುತ್ತಲೇ ಮೊರೆಯಿಟ್ಟಂತಾಯಿತು. ಎಷ್ಟು ನಯವಾದ ಜಾಣ್ಮೆ!

ಆರು ದಿನದಲ್ಲಿ ನಿನ್ನ ಕೆಲಸವನ್ನೆಲ್ಲ ಮುಗಿಸು ಎಂದು ದಶಾಜ್ಞೆಯಲ್ಲಿದೆ. ಆರು ದಿನದಲ್ಲಿ ಯಾರ ಕೆಲಸ ಮುಗಿದೀತು ಎಂದು ಹಳೆಯ ವ್ಯಾಖ್ಯಾನಕಾರರೇ ಕೇಳಿದ್ದಾರೆ. ಮುಗಿದಿದೆ ಎಂದುಕೊಂಡು ವಿಶ್ರಮಿಸು ಎಂಬುದು ಅವರ ಉತ್ತರ. ಇದಕ್ಕೆ ಹೊಂದುವ ಒಂದು ಕತೆ ತಾಲ್ಮದ್‌ನಲ್ಲಿದೆ. ಭಕ್ತನೊಬ್ಬನ ಹೊಲದ ಬೇಲಿ ಮುರಿದಿತ್ತು. ಅದನ್ನು ಕಂಡವನೇ ಕಟ್ಟಿಬಿಡಬೇಕು ಎಂದುಕೊಂಡ. ಮರುಗಳಿಗೆ ಇವತ್ತು ಸಬ್ಬತ್ ಎಂದು ನೆನಪಾಯಿತು. ಸಬ್ಬತ್ತಿನ ದಿನ ಹುಟ್ಟಿದ ಆ ಯೋಚನೆಯ ಬೇಲಿಯನ್ನು ಅವನು ಮತ್ತೆಂದೂ ಕಟ್ಟಲಿಲ್ಲ. ಬೇಲಿ ಮುರಿದ ಜಾಗದಲ್ಲೇ ಒಂದು ಕೇಪರ್ ಗಿಡ ಬೆಳೆಯಿತು. ಅದರಿಂದಲೇ ಅವನ ಸಂಸಾರ ಸಾಗಿತು. ಬೇಲಿ ಕಟ್ಟುವುದೇ ನಿಷಿದ್ಧ, ಕಟ್ಟುವ ಯೋಚನೆ ನಿಷಿದ್ಧವಲ್ಲ ಎಂದು ಶಾಸ್ತ್ರ ಬಲ್ಲವರು ಹೇಳಿಯಾರು. ಅವನು ಯೋಚನೆಗೂ ರಜೆ ಕೊಟ್ಟವನು. ಕೊಂಕಣದ ಎಣ್ಣೆಗಾಣದವರಿಗೆ ಸುತ್ತಲಿನ ಮರಾಠಿ ಜನ ಕೊಟ್ಟ ಹೆಸರೇ ಶನಿವಾರ ತೇಲಿ. ಬೇರೆಯವರ ಗಾಣವೆಲ್ಲ ತಿರುಗುವ ಶನಿವಾರ ಇವರ ಎತ್ತು ಮೇಯುತ್ತಿರುತ್ತಿತ್ತು. ಅಂದಂದಿನ ಗಾಣದಿಂದಲೇ ಅಂದಂದಿನ ಊಟವಾಗುವ ಮನೆಗಳಿಗೆ ಏಳರಲ್ಲಿ ಒಂದು ದಿನ ಬಿಡುವುದೆಂದರೆ ಎದೆಗಾರಿಕೆಯ ಮಾತು.

ಸಬ್ಬತ್ತಿನ ಕೊನೆಯ ಗಂಟೆ ಹಸೀದಿ ಎಂಬ ಯೆಹೂದಿ ಭಕ್ತಿಪಂಥದವರಲ್ಲಿ ಬಹಳ ವಿಶೇಷ. ಶನಿವಾರ ಸಂಜೆಯ ಮೂರನೆಯ ಊಟಕ್ಕೆ ಗುರುವಿನ ಸುತ್ತ ಕೂತಿರುತ್ತಾರೆ. ಸಬ್ಬತ್ತಿನಲ್ಲಿ ಬೆಂಕಿ ಹೊತ್ತಿಸುವಂತಿಲ್ಲ, ಹೊರಗಿನ ಬೆಳಕು ಕುಗ್ಗಿದಂತೆ ಕೋಣೆ ಕಪ್ಪಾಗುತ್ತ ಹೋಗುತ್ತದೆ. ಆಗ ಯಾರೋ ಒಬ್ಬರು ನಿಗ್ಗುನ್ ಎತ್ತಿಕೊಳ್ಳುತ್ತಾರೆ. ಅದರಲ್ಲಿ ಸಾಹಿತ್ಯವಿರುವುದಿಲ್ಲ, ನಮ್ಮ ಆಲಾಪನೆಯ ಹಾಗೆ ಅಕ್ಷರಗಳ ಮೇಲೆಯೇ ನಡೆಯುವ ಸ್ವರ. ಕೆಳಗಿನಿಂದ ನಿಧಾನವಾಗಿ ಏರುತ್ತದೆ, ಒಂದು ತಿರುವಿನಲ್ಲಿ ನಿಲ್ಲುತ್ತದೆ, ಅದೇ ಸಾಲಿಗೆ ಮರಳುತ್ತದೆ; ಪ್ರತಿ ಸುತ್ತಿನಲ್ಲೂ ಇನ್ನಷ್ಟು ದನಿಗಳು ಕೂಡಿಕೊಳ್ಳುತ್ತವೆ. ಕತ್ತಲಾಯಿತು, ನಕ್ಷತ್ರ ಮೂಡಿತು ಎಂದು ಗೊತ್ತಿದ್ದರೂ ಎದ್ದೇಳಲು ಯಾರಿಗೂ ಮನಸ್ಸಿರುವುದಿಲ್ಲ.

ಎದ್ದೇಳಲೇಬೇಕು. ರಾತ್ರಿಯ ಅಮೀದಾ ಮತ್ತೆ ವಾರದ ದಿನದ್ದು, 13 ಬೇಡಿಕೆಗಳೂ ಹಿಂತಿರುಗುತ್ತವೆ. ಸಬ್ಬತ್ತನ್ನೂ ವಾರವನ್ನೂ ಬೇರ್ಪಡಿಸುವ ಮಾತನ್ನು ಸೇರಿಸುವುದು ಅರಿವು ಕೊಡು ಎಂಬ ಮೊದಲ ಬೇಡಿಕೆಯಲ್ಲಿ. ಅರಿವಿಲ್ಲದಿದ್ದರೆ ಬೇರ್ಪಡಿಸುವುದಾದರೂ ಹೇಗೆ ಎಂದು ಅದಕ್ಕೆ ಸಮರ್ಥನೆ. ಮನೆಗೆ ಬಂದು ದ್ರಾಕ್ಷಾರಸ, ಸುಗಂಧದ ಮಸಾಲೆ, ಹೆಣೆದ ಮೇಣದಬತ್ತಿ ಇಟ್ಟುಕೊಂಡು ಹವ್ದಾಲಾ ಎಂಬ ಬೇರ್ಪಡಿಸುವ ವಿಧಿ ಮಾಡುತ್ತಾರೆ. ಲವಂಗ, ದಾಲ್ಚಿನ್ನಿಯ ಡಬ್ಬಿ ಕೈಯಿಂದ ಕೈಗೆ ಹೋಗುತ್ತದೆ, ಪ್ರತಿಯೊಬ್ಬರೂ ಉಸಿರೆಳೆದು ಮೂಸುತ್ತಾರೆ. ಸಬ್ಬತ್ತಿನ ದಿನ ಬಂದಿದ್ದ ಹೆಚ್ಚಿನ ಪ್ರಾಣ ಹೊರಟುಹೋಗುವುದರಿಂದ ಬಳಲುವ ಜೀವಕ್ಕೆ ಪರಿಮಳದ ಉಪಚಾರ ಎನ್ನುತ್ತಾರೆ. ಆಮೇಲೆ ಪ್ರವಾದಿ ಎಲೀಯನ ಹಾಡು, ಒಳ್ಳೆಯ ಸುದ್ದಿ ತರುವವನು ಅವನೇ ಎಂಬ ನಂಬಿಕೆಯಿಂದ.

ಬೆನೆ ಇಸ್ರೇಲರಿಗೆ ಎಲೀಯ ಮನೆದೇವರಷ್ಟು ಹತ್ತಿರದವನು. ಅಲಿಬಾಗ್ ಬಳಿಯ ಖಂಡಾಲೆಯಲ್ಲಿ ಅವನು ಬಂದು ಹೋದನೆಂದು ನಂಬುತ್ತಾರೆ. ಹೊತ್ತ ಹರಕೆ ಕೈಗೂಡಿದಾಗ, ಕಾಯಿಲೆ ಬಿದ್ದವರು ಎದ್ದಾಗ, ಮದುವೆಗೆ ಮೊದಲು ಮಲಿದಾ ಮಾಡುತ್ತಾರೆ. ಅವಲಕ್ಕಿ ತೊಳೆದು ನೆನೆಸಿ, ತೆಂಗಿನತುರಿ, ಸಕ್ಕರೆ, ಏಲಕ್ಕಿ ಬೆರೆಸಿ ತಟ್ಟೆಯಲ್ಲಿ ರಾಶಿ ಹಾಕಿ ಸುತ್ತ ಹಣ್ಣು ಜೋಡಿಸುತ್ತಾರೆ. ಎಲೀಯನ ಹಾಡು ಹೀಬ್ರೂವಿನಲ್ಲಿ ಆಗುತ್ತದೆ. ಖರ್ಜೂರ, ಸೇಬಿಗೆ ಮರದ ಹಣ್ಣಿನ ಮಂತ್ರ. ಬಾಳೆ ಶಾಸ್ತ್ರದ ಲೆಕ್ಕಕ್ಕೆ ಮರವಲ್ಲ, ಅದಕ್ಕೆ ನೆಲದ ಬೆಳೆಯ ಮಂತ್ರ. ಒಂದೊಂದಕ್ಕೂ ಅದರದರ ಮಂತ್ರ ಹೇಳಿ ಒಂದೊಂದು ತುಂಡು ಬಾಯಿಗೆ ಹಾಕಿಕೊಳ್ಳುತ್ತಾರೆ. ಆಮೇಲೆ ನೆರೆದವರಿಗೆಲ್ಲ ಅವಲಕ್ಕಿ ಹಂಚುತ್ತಾರೆ, ಬರಲಾಗದವರ ಪಾಲನ್ನು ಕಟ್ಟಿ ಕಳಿಸುತ್ತಾರೆ.